ಒಂದು ಸೀಧಾ, ಒಂದು ಉಲ್ಟಾ: ದಿಲ್ಲಿಯ ಚಳಿಗಾಲದ ಹೆಣಿಗೆ

ದಸರೆಯ ರಾವಣ ಸುಟ್ಟು ಬೂದಿಯಾದ ಮೇಲೆ ದಿಲ್ಲಿಯ ಅಂಗಡಿ ಸಾಲುಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಅಲ್ಲಿಯವರೆಗೆ ಲೇಸು, ಗುಂಡಿ, ಸೀರೆ ಫಾಲು ಮಾರುತ್ತಿದ್ದ ಅಂಗಡಿಗಳ ಮುಂದೆ ಉಣ್ಣೆಯ ಉಂಡೆಗಳು ಪ್ಲಾಸ್ಟಿಕ್ ಚೀಲಗಳಲ್ಲಿ ತೂಗುತ್ತವೆ. ಸಾಸಿವೆ ಹಳದಿ, ಈರುಳ್ಳಿ ಸಿಪ್ಪೆಯ ಬಣ್ಣ, ಶಾಲಾ ಮಕ್ಕಳ ನೇವಿ ನೀಲಿ. ಬೀದಿ ಮೂಲೆಯಲ್ಲಿ ರಜಾಯಿಯ ಹತ್ತಿ ಹಿಂಜುವವನು ಬಂದು ಕೂರುತ್ತಾನೆ. ಗಾಡಿಗಳಲ್ಲಿ ಶೇಂಗಾ, ಗಜಕ್, ಕೆಂಡದ ಮೇಲೆ ಸುಟ್ಟ ಗೆಣಸು ಬರುತ್ತವೆ. ಇಷ್ಟಾದರೆ ಚಳಿ ಇನ್ನು ಮೂರು ವಾರದಲ್ಲಿ ಬರುತ್ತದೆ ಎಂದು ಅರ್ಥ.

ಹಾವೇರಿ ಕಡೆಯಿಂದ ಬಂದ ನನಗೆ ಚಳಿ ಎಂದರೆ ಬೆಳಗಿನ ಜಾವ ಎರಡು ತಾಸು ಇದ್ದು, ಬಿಸಿಲು ಏರಿದ ಕೂಡಲೇ ಹೋಗುವ ವಸ್ತುವಾಗಿತ್ತು. ದಿಲ್ಲಿಯ ಜನವರಿ ಹಾಗಲ್ಲ. ಮಂಜು ಕವಿದ ದಿನ ಮಧ್ಯಾಹ್ನ ಹನ್ನೆರಡಕ್ಕೂ ಸೂರ್ಯ ಕಾಣುವುದಿಲ್ಲ. ರಾತ್ರಿ ಮೂರು-ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಬೇಸಿಗೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಮನೆಗಳು, ನೆಲಕ್ಕೆ ಕಲ್ಲು, ಕೋಣೆ ಬೆಚ್ಚಗಿಡುವ ವ್ಯವಸ್ಥೆ ಏನೂ ಇಲ್ಲ. ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಹಾಗಾಗಿ ಬಿಸಿಲು ಬಿದ್ದ ದಿನ ಇಡೀ ಮೊಹಲ್ಲಾ ಹೊರಗೆ ಬಂದು ಕೂರುತ್ತದೆ. ಕೂತವರ ಕೈಗಳಲ್ಲಿ ಇವತ್ತಿಗೂ ಅಲ್ಲಲ್ಲಿ ಎರಡು ಕಡ್ಡಿಗಳು ಆಡುತ್ತಿರುತ್ತವೆ.

ನಾನು ಇಲ್ಲಿ ಭೂಗೋಳದಲ್ಲಿ ಎಂ.ಎ. ಓದುತ್ತಿದ್ದೇನೆ. ಇದು ಎರಡನೇ ವರ್ಷ. ನಕ್ಷೆ ಓದುವುದನ್ನು ತರಗತಿಯಲ್ಲಿ ಕಲಿತೆ. ಆದರೆ ದಿಲ್ಲಿಯನ್ನು ಓದಲು ನನಗೆ ನೆರವಾದದ್ದು ಈ ಎರಡು ಕಡ್ಡಿಗಳು.

ವಿಜಯನಗರದ ಪಾರ್ಕು

ನಾನಿರುವುದು ನಾರ್ತ್ ಕ್ಯಾಂಪಸ್ ಪಕ್ಕದ ವಿಜಯನಗರದಲ್ಲಿ. ಹೆಸರು ಕೇಳಿ ಹಂಪಿ ನೆನಪಾದರೆ ಅದು ನಮ್ಮ ಖುಷಿಗೆ ಮಾತ್ರ. ಇಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿರುವ ಕಿಂಗ್ಸ್‌ವೇ ಕ್ಯಾಂಪ್ 1947ರಲ್ಲಿ ದಿಲ್ಲಿಯ ಅತಿದೊಡ್ಡ ನಿರಾಶ್ರಿತರ ಶಿಬಿರವಾಗಿತ್ತು. ಲಾಹೋರ್, ರಾವಲ್ಪಿಂಡಿ, ಮುಲ್ತಾನ್ ಕಡೆಯಿಂದ ಬಂದವರು ಮೊದಲು ಡೇರೆಗಳಲ್ಲಿ, ಆಮೇಲೆ ಸುತ್ತಮುತ್ತಲ ಕಾಲೊನಿಗಳಲ್ಲಿ ನೆಲೆ ನಿಂತರು. ನಮ್ಮ ಮನೆ ಮಾಲೀಕರ ಅತ್ತೆ ಹಾಗೆ ಬಂದವರಲ್ಲಿ ಒಬ್ಬರು. ಅವರು ಈಗಿಲ್ಲ. ಸೊಸೆಯನ್ನು ನಾವು ಬಾಡಿಗೆ ಹುಡುಗಿಯರೆಲ್ಲ ಆಂಟಿ ಎನ್ನುತ್ತೇವೆ. ವಯಸ್ಸು ಅರವತ್ತೆಂಟು, ಮೊಣಕಾಲು ನೋವು, ಬಾಯಿ ಜೋರು.

ಚಳಿಗಾಲದಲ್ಲಿ ಆಂಟಿ ಹನ್ನೊಂದಕ್ಕೆ ಮನೆ ಎದುರಿನ ಪಾರ್ಕಿಗೆ ಇಳಿಯುತ್ತಾರೆ. ಸಿಮೆಂಟಿನ ಬೆಂಚು ಅವರದ್ದೇ. ಮೊದಲ ಚಳಿಗಾಲದಲ್ಲಿ ನಾನು ಪುಸ್ತಕ ಹಿಡಿದು ಬಿಸಿಲಿಗೆ ಹೋಗಿ ಅದೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ನನ್ನ ಹಿಂದಿ ಆಗ ಪಠ್ಯಪುಸ್ತಕದ ಹಿಂದಿ, ಆಂಟಿಯದು ಪಂಜಾಬಿ ಬೆರೆತದ್ದು. ಮಾತು ಹೆಚ್ಚು ಮುಂದಕ್ಕೆ ಹೋಗುತ್ತಿರಲಿಲ್ಲ. ಒಂದು ದಿನ ಅವರು ಒಂದು ಹಸಿರು ಸ್ವೆಟರ್ ಬಿಚ್ಚುತ್ತಿದ್ದರು. ನೂಲಿನ ತುದಿ ನನ್ನ ಕೈಗೆ ಕೊಟ್ಟು, ಸುತ್ತು ಎಂದರು. ನಾನು ಸುತ್ತಿದೆ.

ದಿಲ್ಲಿಯ ಮಧ್ಯಮ ವರ್ಗದ ಮನೆಗಳ ಹಳೆಯ ಲೆಕ್ಕಾಚಾರ ಇದು. ದೊಡ್ಡ ಮಗನ ಸ್ವೆಟರ್ ಬಿಗಿಯಾದರೆ ಎಸೆಯುವುದಿಲ್ಲ, ಬಿಚ್ಚುತ್ತಾರೆ. ಬಿಚ್ಚಿದ ನೂಲು ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಲಡಿ ಮಾಡಿ, ಕುದಿಯುವ ನೀರಿನ ಆವಿಗೆ ಹಿಡಿದರೆ ನೆಟ್ಟಗಾಗುತ್ತದೆ. ಇನ್ನೊಂದು ಬಣ್ಣದ ನೂಲು ಸೇರಿಸಿ ಕಿರಿಯವನಿಗೆ ಹೊಸ ಸ್ವೆಟರ್. ಹೀಗೆ ಒಂದೇ ಉಣ್ಣೆ ಒಂದು ಮನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ತಿರುಗುತ್ತದೆ. ಆ ಹಸಿರು ಸ್ವೆಟರ್ ಆಂಟಿಯ ಯಜಮಾನರದ್ದು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅದು ಮೊಮ್ಮಗನ ಟೋಪಿ, ಮಫ್ಲರ್ ಆಯಿತು.

ಹಸಿರು ನೂಲು ಸುತ್ತಿ ಮುಗಿದ ದಿನ ಆಂಟಿ ನನ್ನ ಕೈಗೆ ಎರಡು ಕಡ್ಡಿ ಕೊಟ್ಟು, ‘ಫಂದಾ ಡಾಲ್’ ಎಂದರು. ಕಡ್ಡಿಯ ಮೇಲಿನ ಒಂದೊಂದು ಕುಣಿಕೆಗೂ ಇಲ್ಲಿ ಫಂದಾ ಎನ್ನುತ್ತಾರೆ. ಇಡೀ ಹೆಣಿಗೆಗೆ ಇರುವುದು ಎರಡೇ ಅಕ್ಷರ. ನೂಲು ಹಿಂದಿಟ್ಟು, ಕುಣಿಕೆಯೊಳಗೆ ಕಡ್ಡಿ ತೂರಿಸಿ ಎಳೆದರೆ ಸೀಧಾ. ನೂಲು ಮುಂದಿಟ್ಟು ಎಳೆದರೆ ಉಲ್ಟಾ. ಒಂದು ಸೀಧಾ, ಒಂದು ಉಲ್ಟಾ ಎಂದು ಹೋದರೆ ರಬ್ಬರಿನಂತೆ ಹಿಗ್ಗುವ ಬಾರ್ಡರ್. ಒಂದು ಸಾಲು ಪೂರ್ತಿ ಸೀಧಾ, ಮುಂದಿನ ಸಾಲು ಪೂರ್ತಿ ಉಲ್ಟಾ ಎಂದರೆ ಅಂಗಡಿ ಸ್ವೆಟರಿನ ನುಣುಪು ಮೈ. ಎಲ್ಲ ಸಾಲೂ ಸೀಧಾ ಎಂದರೆ ಏರಿಳಿತದ ದಪ್ಪ ಬಟ್ಟೆ. ಜಾಲರಿ, ಜಡೆ, ಜೇನುಗೂಡು ಮುಂತಾದ ನೂರಾರು ಮಾದರಿಗಳೆಲ್ಲ ಈ ಎರಡರ ಮಕ್ಕಳೇ.

ನನ್ನ ಹಿಂದಿ ಸುಧಾರಿಸಿದ್ದೂ ಆ ಬೆಂಚಿನ ಮೇಲೆಯೇ. ಘಟಾನಾ ಎಂದರೆ ಫಂದೆ ಕಡಿಮೆ ಮಾಡುವುದು, ಬಢಾನಾ ಎಂದರೆ ಹೆಚ್ಚಿಸುವುದು, ಉಧೇಡ್ನಾ ಎಂದರೆ ಬಿಚ್ಚುವುದು. ಅದರ ನಡುವೆ ಆಂಟಿಯ ಸಂಸಾರದ ಕಥೆ. 1962ರ ಯುದ್ಧದ ಚಳಿಗಾಲದಲ್ಲಿ ದೇಶದ ಹೆಂಗಸರೆಲ್ಲ ಗಡಿಯ ಸೈನಿಕರಿಗೆಂದು ಸ್ವೆಟರ್, ಕಾಲುಚೀಲ ಹೆಣೆದರಲ್ಲ, ಆಗ ಅವರ ಅತ್ತೆ ಬೀದಿಯವರನ್ನೆಲ್ಲ ಕೂರಿಸಿ ಹೆಣೆಸಿದ್ದರಂತೆ. ‘ಬಿಟ್ಟು ಬಂದ ಮನೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಕೈ ಮಾತ್ರ ನಿಲ್ಲುತ್ತಿರಲಿಲ್ಲ’ ಎಂದರು ಆಂಟಿ.

ಅಪ್ಪನ ಸ್ವೆಟರಿನ ಲೆಕ್ಕ

ಮಫ್ಲರ್ ಒಂದು ಮುಗಿದ ಮೇಲೆ ಅಪ್ಪನಿಗೆ ಒಂದು ಹಾಫ್ ಸ್ವೆಟರ್ ಮಾಡಬೇಕೆಂದುಕೊಂಡೆ. ನನ್ನಪ್ಪ ರಾತ್ರಿ ಬಸ್ಸಿನ ಡ್ರೈವರ್. ರಾಣೆಬೆನ್ನೂರಿನಿಂದ ಬೆಂಗಳೂರು, ಮರುರಾತ್ರಿ ವಾಪಸ್. ಚಿತ್ರದುರ್ಗ ದಾಟಿದ ಮೇಲೆ ಬೆಳಗಿನ ಜಾವ ನಿದ್ದೆ ಬರಬಾರದು ಎಂದು ಕಿಟಕಿ ತೆರೆದೇ ಇಡುವವರು. ಖಾಕಿಯ ಒಳಗೆ ಹಾಕಿಕೊಳ್ಳುವಂಥದ್ದು ಬೇಕು, ತೋಳು ಬೇಡ.

ಉಣ್ಣೆಗೆ ಹೋಗಬೇಕಾದದ್ದು ಸದರ್ ಬಜಾರಿಗೆ. ಕಾಶ್ಮೀರಿ ಗೇಟಿನಲ್ಲಿ ಕೆಂಪು ಲೈನಿಗೆ ಬದಲಾಯಿಸಿ, ಮುಂದಿನ ನಿಲ್ದಾಣ ತೀಸ್ ಹಜಾರಿಯಲ್ಲಿ ಇಳಿದು, ಇ-ರಿಕ್ಷಾ ಹತ್ತಬೇಕು. ಹೋಲ್‌ಸೇಲ್ ಪೇಟೆ. ತಲೆಯ ಮೇಲೆ ಮೂಟೆ ಹೊತ್ತವರಿಗೆ ದಾರಿ ಬಿಡುತ್ತಾ ಗೋಡೆಗೆ ಅಂಟಿಕೊಂಡು ನಡೆಯಬೇಕು. ಉಣ್ಣೆ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಗೂಡುಗಳು. ಹೆಚ್ಚಿನದೆಲ್ಲ ಲೂಧಿಯಾನದ ಸರಕು. ಊನ್, ಊನ್ ಎಂದು ಎಲ್ಲರೂ ಕರೆದರೂ ಅದರಲ್ಲಿ ಬಹುಪಾಲು ಕುರಿ ಕಂಡಿಲ್ಲದ ಊನ್, ಅಂದರೆ ಅಕ್ರಿಲಿಕ್. ಪರೀಕ್ಷಿಸುವುದು ಸುಲಭ. ಒಂದು ಎಳೆಗೆ ಬೆಂಕಿಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಅಕ್ರಿಲಿಕ್. ಅಕ್ರಿಲಿಕ್ ಅಗ್ಗ, ಚುಚ್ಚುವುದಿಲ್ಲ, ಬಟ್ಟೆ ಒಗೆಯುವ ಯಂತ್ರಕ್ಕೂ ಹಾಕಬಹುದು. ರಾತ್ರಿ ಡ್ಯೂಟಿಯ ಡ್ರೈವರನಿಗೆ ಅದೇ ಸರಿ. ಬೂದು ಬಣ್ಣದ ಅರ್ಧ ಕಿಲೋ ಕೊಂಡೆ. ಕೊಟ್ಟದ್ದು 350 ರೂಪಾಯಿ.

ಕಡ್ಡಿಯ ನಂಬರಿನಲ್ಲಿ ಒಂದು ತಮಾಷೆ ಇದೆ. ನಮ್ಮಲ್ಲಿ ಇನ್ನೂ ಬ್ರಿಟಿಷರ ಹಳೆಯ ಅಳತೆಯೇ ನಡೆಯುತ್ತದೆ. ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಎಂದರೆ 4 ಮಿಲಿಮೀಟರ್, 10 ಎಂದರೆ ಮೂರೂಕಾಲು. ಬಾರ್ಡರಿಗೆ 10, ಮೈಗೆ 8 ಎನ್ನುವುದು ಆಂಟಿಯಂಥವರಿಗೆ ಬಾಯಿಪಾಠ.

ಅವ್ವನಿಗೆ ಫೋನ್ ಮಾಡಿ ಅಪ್ಪನ ಹಳೇ ಅಂಗಿ ಅಳೆಸಿದೆ. ಎದೆ 38 ಇಂಚು. ಆಡಲು ಎರಡು ಇಂಚು ಸೇರಿಸಿ 40. ಮುಂಭಾಗಕ್ಕೆ 20 ಇಂಚು. ನನ್ನ ಕೈಗೆ ಇಂಚಿಗೆ ಐದೂವರೆ ಫಂದೆ ಬರುತ್ತದೆ, ಅಂದರೆ 110 ಫಂದೆ. ಇಂಚಿಗೆ ಏಳೂವರೆ ಸಾಲು, ಉದ್ದ 24 ಇಂಚು, ಅಂದರೆ 180 ಸಾಲು. ಕಂಕುಳು, ಕುತ್ತಿಗೆಯ ಇಳಿತ ಕಳೆದು ಮುಂದಿನದು ಹಿಂದಿನದು ಸೇರಿ ಸುಮಾರು 35 ಸಾವಿರ ಫಂದೆ. ನಿಮಿಷಕ್ಕೆ 25ರಂತೆ ಹೆಣೆದರೆ ಇಪ್ಪತ್ಮೂರು ತಾಸು ಚಿಲ್ಲರೆ. ಆಂಟಿ ಇದನ್ನೆಲ್ಲ ಕೇಳಿ ನಕ್ಕರು. ಅವರು ಬೆರಳಿನ ಗೇಣಿನಲ್ಲಿ ಅಳೆದು ಬದುಕು ಕಳೆದವರು. ಆದರೆ ಒಂದು ಮಾತು ಹೇಳಿದರು: ‘ಕೂತು ಕೆಲಸ ಮಾಡುವವರಿಗೆ ಹಿಂಭಾಗ ಒಂದು ಇಂಚು ಉದ್ದ ಇರಲಿ. ಸೊಂಟಕ್ಕೆ ಗಾಳಿ ಹೋಗಬಾರದು.’ ನನ್ನ ಲೆಕ್ಕದಲ್ಲಿ ಈ ಇಂಚು ಎಲ್ಲಿಯೂ ಇರಲಿಲ್ಲ.

ಹಳದಿ ಲೈನಿನಲ್ಲಿ ಏಳು ಸಾಲು

ಇಪ್ಪತ್ಮೂರು ತಾಸು ಒಬ್ಬ ವಿದ್ಯಾರ್ಥಿನಿಗೆ ಎಲ್ಲಿಂದ ಬರಬೇಕು? ಬೆಳಿಗ್ಗೆ ತರಗತಿ, ಮಧ್ಯಾಹ್ನ ಲೈಬ್ರರಿ, ಸಂಜೆ ಇಬ್ಬರು ಶಾಲಾ ಹುಡುಗರಿಗೆ ಟ್ಯೂಷನ್, ಡಿಸೆಂಬರಿನಲ್ಲಿ ಸೆಮಿಸ್ಟರ್ ಪರೀಕ್ಷೆ. ಹೆಣಿಗೆಗೆಂದು ಬೇರೆ ಹೊತ್ತು ತೆಗೆಯಲಿಲ್ಲ. ದಿನದ ಸಂದುಗಳನ್ನು ಹುಡುಕಿದೆ. ಕುಕ್ಕರಿನ ಮೂರು ಸೀಟಿಗೆ ಎರಡು ಸಾಲು. ಪರೀಕ್ಷೆಯ ವಾರ ಝೆರಾಕ್ಸ್ ಅಂಗಡಿಯ ಸರದಿಯಲ್ಲಿ ನಿಂತೇ ಮೂರು ಸಾಲು. ಅವ್ವನ ಜೊತೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಾತಾಡುವಾಗ ಎಣಿಕೆಯೇ ಇಲ್ಲ. ನುಣುಪು ಹೆಣಿಗೆಗೆ ಕಣ್ಣು ಬೇಕಿಲ್ಲ, ಬೆರಳು ಸಾಕು. ರೆಕಾರ್ಡ್ ಮಾಡಿಕೊಂಡ ಟಿಪ್ಪಣಿ ಕೇಳುತ್ತಾ ಹೆಣೆದರೆ ಪಾಠವೂ ತಲೆಯಲ್ಲಿ ನಿಲ್ಲುತ್ತದೆ. ಮಾನ್ಸೂನಿನ ಎರಡು ಶಾಖೆಗಳ ಅಧ್ಯಾಯ ನನಗೆ ಈಗಲೂ ಅಪ್ಪನ ಸ್ವೆಟರಿನ ಎಡ ಕಂಕುಳಿನ ಜೊತೆಗೇ ನೆನಪಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಜಾಗ ಮೆಟ್ರೋದ ಮೊದಲ ಡಬ್ಬಿ, ಮಹಿಳೆಯರಿಗೆ ಮೀಸಲಾದದ್ದು. ಉದ್ದ ಕಡ್ಡಿ ಪಕ್ಕದವರ ಮೊಣಕೈಗೆ ತಾಗುತ್ತದೆ ಎಂದು ತಂತಿಯಿಂದ ಜೋಡಿಸಿದ ಗಿಡ್ಡ ಕಡ್ಡಿ ಕೊಂಡುಕೊಂಡೆ. ಬ್ಯಾಗ್ ತಪಾಸಣೆಯಲ್ಲಿ ಒಮ್ಮೆ ಮಹಿಳಾ ಸಿಬ್ಬಂದಿಯೊಬ್ಬರು ಅದನ್ನು ಹೊರಗೆ ತೆಗೆಸಿದರು. ತಿರುಗಿಸಿ ನೋಡಿ, ಒಂದು ವರ್ಷದ ಮಗುವಿನ ಟೋಪಿಗೆ ಎಷ್ಟು ಫಂದೆ ಹಾಕಬೇಕು ಎಂದು ಕೇಳಿ, ಉತ್ತರ ತಿಳಿದುಕೊಂಡು ಕಳಿಸಿದರು.

ತಿಂಗಳಿಗೊಮ್ಮೆ ನಾನು ದಿಲ್ಲಿ ಕರ್ನಾಟಕ ಸಂಘಕ್ಕೆ ಹೋಗುತ್ತೇನೆ. ಜಿಟಿಬಿ ನಗರದಲ್ಲಿ ಹಳದಿ ಲೈನ್ ಹತ್ತಿದರೆ ಹದಿನಾಲ್ಕನೇ ನಿಲ್ದಾಣ ದಿಲ್ಲಿ ಹಾಟ್-ಐಎನ್‌ಎ. 110 ಫಂದೆಯ ಒಂದು ಸಾಲಿಗೆ ಎರಡು ನಿಲ್ದಾಣ ಹಿಡಿಯುತ್ತದೆ. ಹಾಗಾಗಿ ಐಎನ್‌ಎ ಬರುವ ಹೊತ್ತಿಗೆ ಏಳು ಸಾಲು, ಸುಮಾರು ಒಂದು ಇಂಚು. ರಾಜೀವ್ ಚೌಕದಲ್ಲಿ ಜನ ನುಗ್ಗುವಾಗ ಮಾತ್ರ ಕಡ್ಡಿ ಮಡಿಲಿಗೆ. ಐಎನ್‌ಎಯಲ್ಲಿ ಗುಲಾಬಿ ಲೈನಿಗೆ ಬದಲಾಯಿಸಿದರೆ ಮೂರನೇ ನಿಲ್ದಾಣದ ಹೆಸರು ನಮ್ಮವರದ್ದೇ: ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. 2018ರಲ್ಲಿ ಶುರುವಾದ ನಿಲ್ದಾಣ. ಧ್ವನಿವರ್ಧಕದ ಹಿಂದಿ ದನಿ ‘ವಿಶ್ವೇಶ್ವರಯ್ಯ’ ಎಂದಾಗ ಡಬ್ಬಿಯಲ್ಲಿ ತಲೆ ಎತ್ತುವವರು ಯಾರು ಎಂದು ನೋಡಿ. ಅವರ ಜೊತೆ ಧೈರ್ಯವಾಗಿ ಕನ್ನಡದಲ್ಲಿ ಮಾತಾಡಬಹುದು.

ಸಂಘದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ಒಬ್ಬರು ಹಿರಿಯರು ನನ್ನ ಚೀಲದಲ್ಲಿ ಇಣುಕುತ್ತಿದ್ದ ಕಡ್ಡಿ ನೋಡಿ ಮಾತಿಗೆ ಬಂದರು. ಮೈಸೂರಿನವರು, ಯಜಮಾನರ ಕೇಂದ್ರ ಸರ್ಕಾರದ ನೌಕರಿಯಿಂದಾಗಿ 70ರ ದಶಕದಲ್ಲಿ ದಿಲ್ಲಿಗೆ ಬಂದವರು. ‘ಕ್ವಾರ್ಟರ್ಸಿನಲ್ಲಿ ನನಗೆ ಹಿಂದಿ ಕಲಿಸಿದ್ದು ಹೆಣಿಗೆನೇ ಕಣಮ್ಮ’ ಎಂದರು. ‘ಸೀಧಾ, ಉಲ್ಟಾ ಅನ್ನೋದು ನನ್ನ ಮೊದಲ ಹಿಂದಿ ಪದಗಳು. ಆಗ ಸೆಕ್ರೆಟೇರಿಯಟ್ಟಿನ ಹುಲ್ಲಿನ ಮೇಲೆ ಊಟದ ಹೊತ್ತಿಗೆ ಎಲ್ಲಿ ನೋಡಿದರೂ ಹೆಣಿಗೆ. ಹಿಂದಿ ಪತ್ರಿಕೆಗಳು ಪ್ರತಿ ಚಳಿಗಾಲಕ್ಕೂ ಬುನಾಯಿ ವಿಶೇಷಾಂಕ ತರ್ತಿದ್ದವು. ಮಾದರಿ ನೋಡೋಕೆ ಅಂತಲೇ ಓದೋದು ಕಲಿತೆ.’ ಈಗ ಹೆಣೆಯುತ್ತೀರಾ ಎಂದು ಕೇಳಿದೆ. ‘ಯಾರಿಗೆ? ಮಗ ಇರೋದು ಬೆಂಗಳೂರಲ್ಲಿ. ಅಲ್ಲಿ ಅದು ಬೇಕಾಗಲ್ಲ. ಸೊಸೆ ಆನ್‌ಲೈನಲ್ಲಿ ತರಿಸ್ತಾಳೆ’ ಎಂದು ಸುಮ್ಮನಾದರು. ಹೊರಡುವಾಗ, ನಿನ್ನ ಬಾರ್ಡರ್ ಚೆನ್ನಾಗಿ ಬಂದಿದೆ ಎಂದು ಬೆನ್ನು ತಟ್ಟಿದರು.

ಅಪ್ಪನ ಸ್ವೆಟರ್ ಮುಗಿದು ಊರು ತಲುಪಿದ್ದು ಫೆಬ್ರುವರಿಯಲ್ಲಿ, ನಮ್ಮ ಕಡೆ ಆಗಲೇ ಬಿಸಿಲು ಶುರುವಾದ ಮೇಲೆ. ಅಪ್ಪ ಅದನ್ನು ಹಾಕಿಕೊಂಡು ಡಿಪೋದಲ್ಲಿ ನಿಂತ ಫೋಟೋ ಬಂತು. ಬೆವರುತ್ತಿದ್ದರು.

ಅಜ್ಜಿಯ ಎರಡು ಉಂಡೆ

ಈ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯ ಮನೆಯ ಹಟ್ಟಿ ಖಾಲಿಯಾಗಿತ್ತು.

ನನ್ನ ಅವ್ವನ ತವರಿನವರು ಕುರಿ ಕಟ್ಟಿದವರು. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಕಡೆಯ ಕಂಬಳಿಯ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಡೆಕ್ಕನಿ ಕುರಿಯ ಕರಿ ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ಕದಿರಿನಲ್ಲಿ ನೂಲುತ್ತಾರೆ. ಗಂಡಸರು ಕುಣಿ ಮಗ್ಗದಲ್ಲಿ ನೇಯುತ್ತಾರೆ. ಹುಣಸೆ ಬೀಜವನ್ನು ಅರೆದು ಕುದಿಸಿದ ಸರಿಯನ್ನು ಹಾಸಿನ ನೂಲಿಗೆ ಬಳಿಯುತ್ತಾರೆ. ಅದರಿಂದಲೇ ಕಂಬಳಿಗೆ ಆ ಬಿರುಸು. ಮಳೆಗೆ ಕೊಪ್ಪೆ ಹಾಕಿಕೊಂಡು ಕುರಿ ಹಿಂದೆ ಹೋದರೆ ನೀರು ಒಳಗೆ ಇಳಿಯುವುದಿಲ್ಲ. ಆದರೆ ಈ ಉಣ್ಣೆ ಒರಟು. ಮೆತ್ತನೆಯ ಹೊದಿಕೆ, ಅಗ್ಗದ ಬ್ಲ್ಯಾಂಕೆಟ್ ಬಂದ ಮೇಲೆ ಕಂಬಳಿ ಕೊಳ್ಳುವವರು ಕಡಿಮೆಯಾದರು. ಕತ್ತರಿಸುವ ಕೂಲಿಯೂ ಉಣ್ಣೆಯಿಂದ ಹುಟ್ಟುವುದಿಲ್ಲ ಎನ್ನುವ ಹಾಗಾಯಿತು. ಮಾಂಸಕ್ಕೆ ಬೇಗ ಬೆಳೆಯುವ, ಉಣ್ಣೆಯೇ ಇಲ್ಲದ ತಳಿಗಳತ್ತ ಕುರಿಗಾರರು ಹೊರಳಿದರು. ಮೇಯಿಸುವ ಬಯಲುಗಳೆಲ್ಲ ಗೋವಿನಜೋಳದ ಹೊಲವಾದವು. ಸೋದರಮಾವ ಕರಿ ಕುರಿಗಳನ್ನೆಲ್ಲ ಮಾರಿದ್ದ. ಅವನ ಲೆಕ್ಕ ನನಗೆ ಅರ್ಥವಾಗುತ್ತದೆ. ಇಬ್ಬರು ಮಕ್ಕಳ ಫೀಸು ಕಟ್ಟಬೇಕು.

ಅಜ್ಜಿ ಮಾತ್ರ ಏನೂ ಹೇಳಲಿಲ್ಲ. ಜಂತಿಯ ಮೇಲಿಂದ ಬಟ್ಟೆ ಗಂಟು ಇಳಿಸಿ, ನೂತಿಟ್ಟ ಎರಡು ಕರಿ ಉಂಡೆ ತೆಗೆದು ನನ್ನ ಮಡಿಲಿಗೆ ಹಾಕಿದಳು. ‘ನೀ ಏನೋ ಹೆಣೀತೀಯಂತ. ಇದರಾಗ ಏನಾರ ಮಾಡ್ ತಂಗಿ. ನನ್ ಕೈಗಂತೂ ಇನ್ ಕೆಲ್ಸಿಲ್ಲ.’

ಎರಡೂ ಸೇರಿ ಆರುನೂರು ಗ್ರಾಂ ಇತ್ತು. ರೈಲಿನಲ್ಲಿ ಚೀಲ ತೆರೆದಾಗಲೆಲ್ಲ ಹಟ್ಟಿಯ ವಾಸನೆ.

ದಿಲ್ಲಿಯ ಪಾರ್ಕಿನಲ್ಲಿ ಆಂಟಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಯೇ ತೋ ಬೋರಿ ಹೈ’ ಎಂದರು. ಇದು ಗೋಣಿಚೀಲ. ನುಣುಪು ಹೆಣಿಗೆಯಲ್ಲಿ ಒಂದು ಚೌಕದ ಮಾದರಿ ಹಾಕಿದೆ. ಚೌಕ ನಿಲ್ಲಲಿಲ್ಲ, ಓರೆಯಾಗಿ ವಜ್ರಾಕಾರಕ್ಕೆ ತಿರುಗಿತು. ಆಂಟಿ ಕನ್ನಡಕ ಹಾಕಿಕೊಂಡು ನೂಲಿನ ತುದಿ ಬಿಡಿಸಿ ನೋಡಿದರು. ಅಂಗಡಿಯ ಉಣ್ಣೆಯಲ್ಲಿ ಮೂರು-ನಾಲ್ಕು ಎಳೆ ಒಂದಕ್ಕೊಂದು ಎದುರು ಹುರಿಯಾಗಿರುತ್ತವೆ. ಅಜ್ಜಿಯದು ಮಗ್ಗಕ್ಕೆಂದು ನೂತದ್ದು, ಒಂಟಿ ಎಳೆ, ಬಿಗಿ ಹುರಿ. ಹುರಿ ಎತ್ತ ತಿರುಗಿದೆಯೋ ಬಟ್ಟೆಯನ್ನೂ ಅತ್ತ ಎಳೆಯುತ್ತದೆ. ‘ನೂತ ಕೈ ಭಲೇ ಕೈ’ ಎಂದರು ಆಂಟಿ. ‘ಇಷ್ಟು ಉದ್ದಕ್ಕೂ ಒಂದೇ ಸಮ! ಆದರೆ ಮೈಗೆ ಹಾಕುವುದಕ್ಕಲ್ಲ.’

ಹಾಗಾದರೆ ಯಾವುದಕ್ಕೆ? ಆ ಪ್ರಶ್ನೆ ಹದಿನೈದು ದಿನ ನನ್ನ ಚೀಲದಲ್ಲೇ ಓಡಾಡಿತು. ಬರೀ ಹೆಣಿಗೆಯ ಪ್ರಶ್ನೆ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ‘ಕೈಗೆ ಕೆಲ್ಸಿಲ್ಲ’ ಎಂದ ಅಜ್ಜಿಗೆ, ನಿನ್ನ ನೂಲಿಗೂ ಕೆಲಸವಿಲ್ಲ ಎಂದು ಹೇಳುವುದು ಹೇಗೆ?

ಮೊನಾಸ್ಟರಿ ಮಾರ್ಕೆಟ್ಟಿನ ಕನ್ನಡ

ಉತ್ತರ ಸಿಕ್ಕಿದ್ದು ಕಾಶ್ಮೀರಿ ಗೇಟ್ ಬಸ್ ನಿಲ್ದಾಣದ ಹತ್ತಿರ, ಲಡಾಖ್ ಬೌದ್ಧ ವಿಹಾರದ ಪಕ್ಕದ ಮೊನಾಸ್ಟರಿ ಮಾರ್ಕೆಟ್ಟಿನಲ್ಲಿ. ಟಿಬೆಟನ್ನರು ಜಾಕೆಟ್, ಶೂ, ಸ್ವೆಟರ್ ಮಾರುವ ಇಕ್ಕಟ್ಟಾದ ಸಾಲುಗಳು. ಗೆಳತಿಗೆ ಜಾಕೆಟ್ ಕೊಡಿಸಲು ಹೋಗಿದ್ದೆ. ಅವ್ವನ ಫೋನ್ ಬಂತು, ನಾಲ್ಕು ಮಾತಾಡಿ ಇಟ್ಟೆ. ಸ್ವೆಟರ್ ರಾಶಿಯ ಹಿಂದಿನಿಂದ ಒಂದು ದನಿ: ‘ಯಾವೂರವ್ವಾ ನಿಂದು? ಹಾವೇರಿ ಕಡೇದೇನು?’

ಐವತ್ತು ದಾಟಿದ ಟಿಬೆಟನ್ ಹೆಂಗಸು. ಉಟ್ಟದ್ದು ಚೂಬಾ, ಆಡಿದ್ದು ಅಪ್ಪಟ ಹುಬ್ಬಳ್ಳಿ ಕಡೆಯ ಮಾತು. ನಾನು ಬಾಯಿ ತೆರೆದು ನಿಂತಿದ್ದಕ್ಕೆ ನಕ್ಕರು. ‘ನಂದು ಮುಂಡಗೋಡ. ಕ್ಯಾಂಪ್ ನಂಬರ್ ನಾಕು. ಹುಟ್ಟಿದ್ದs ಅಲ್ಲಿ.’

ಉತ್ತರ ಕನ್ನಡದ ಮುಂಡಗೋಡಿನಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಶುರುವಾದದ್ದು 1966ರಲ್ಲಿ. ಅದಕ್ಕೂ ಕೆಲವು ವರ್ಷ ಮೊದಲೇ ಬೈಲುಕುಪ್ಪೆಯಲ್ಲಿ ಆಗಿತ್ತು. ಮಳೆಗಾಲದಲ್ಲಿ ಭತ್ತ, ಗೋವಿನಜೋಳ ಬೆಳೆದು, ಸುಗ್ಗಿ ಮುಗಿದ ಕೂಡಲೇ ಮನೆಯಲ್ಲಿ ಒಬ್ಬಿಬ್ಬರು ಸ್ವೆಟರ್ ವ್ಯಾಪಾರಕ್ಕೆ ದೇಶದ ಊರೂರಿಗೆ ಹೊರಡುತ್ತಾರೆ. ಸರಕು ಲೂಧಿಯಾನದ್ದು. ನಮ್ಮ ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಚಳಿಗಾಲಕ್ಕೆ ಸಾಲಾಗಿ ನಿಲ್ಲುವ ಟಿಬೆಟನ್ ಸ್ವೆಟರ್ ಅಂಗಡಿಗಳಲ್ಲಿ ನೀವೂ ಚೌಕಾಸಿ ಮಾಡಿರುತ್ತೀರಿ. ಈ ಅಕ್ಕನ ನೆಂಟರೊಬ್ಬರ ಅಂಗಡಿ ಇಲ್ಲಿರುವುದರಿಂದ ಇವರು ಪ್ರತಿವರ್ಷ ಮೂರು ತಿಂಗಳು ದಿಲ್ಲಿಗೆ.

‘ಊರಿನ ನೆನಪಾಗತೈತೇನ್ರೀ ಅಕ್ಕಾರ?’ ಎಂದೆ.

‘ಯಾವ ಊರಿಂದು ಕೇಳ್ತಿ? ನಮ್ಮಪ್ಪ ಲಾಸಾ ಅಂತ ಅಳ್ತಿದ್ದ. ನನಗ ಇಲ್ಲಿ ಕುಂತ್ರ ಮುಂಡಗೋಡ ನೆನಪಾಗತೈತಿ. ನನ್ನ ಮಗಳು ಕೆನಡಾದಾಗ ಅದಾಳ. ಆಕಿಗೆ ಏನ್ ನೆನಪಾಗತೈತೋ.’

ಚಹಾ ತರಿಸಿದರು. ಚೀಲದಿಂದ ಅಜ್ಜಿಯ ಉಂಡೆ ತೆಗೆದು ತೋರಿಸಿದೆ. ಅವರು ಮೂಗಿಗೆ ಹಿಡಿದು ನೋಡಿದರು. ‘ನಮ್ಮ ಕಡೀ ಕುರಿ’ ಎಂದರು. ಹುಡುಗಿಯಾಗಿದ್ದಾಗ ಕ್ಯಾಂಪಿನ ಕಾರ್ಪೆಟ್ ಕೇಂದ್ರದಲ್ಲಿ ಆರು ವರ್ಷ ನೇಯ್ದವರು ಅವರು. ‘ಒರಟು ಉಣ್ಣಿ ಕೆಟ್ಟದ್ದಲ್ಲವ್ವಾ. ಮೆತ್ತಂದು ಮೈಗೆ, ಒರಟು ನೆಲಕ್ಕ. ಮೆತ್ತನ್ನ ಉಣ್ಣಿ ನೆಲಕ್ಕ ಹಾಕಿದ್ರ ಎರಡು ವರ್ಷಕ್ಕ ಹರೀತೈತಿ, ಇದು ಇಪ್ಪತ್ತು ವರ್ಷ ಬಾಳತೈತಿ. ಕೂಡಾಕ ಮಾಡು.’

ನಮ್ಮಲ್ಲಿ ಕಂಬಳಿ ಹೊದೆಯುವುದಕ್ಕಿಂತ ಮೊದಲು ಹಾಸುವ ವಸ್ತು. ಹಾಲುಮತದವರ ಯಾವ ಶುಭಕಾರ್ಯವಾದರೂ ಕರಿ ಕಂಬಳಿಯ ಗದ್ದಿಗೆ ಹಾಕಿದ ಮೇಲೆಯೇ ಮುಂದಿನದು. ಇದು ನನಗೆ ಗೊತ್ತಿದ್ದ ವಿಷಯವೇ. ಮುಂಡಗೋಡಿನ ಅಕ್ಕನ ಬಾಯಿಂದ ದಿಲ್ಲಿಯಲ್ಲಿ ಕೇಳಿದ ಮೇಲೆ ಅದು ಕೈಗೆ ಬಂತು.

ಬೆಂಚಿನ ಮೇಲಿನ ಗದ್ದಿಗೆ

ಎರಡು ಎಳೆ ಜೋಡಿಸಿ, 5 ಮಿಲಿಮೀಟರಿನ ಕಡ್ಡಿಯಲ್ಲಿ 63 ಫಂದೆ ಹಾಕಿದೆ. ಎಲ್ಲ ಸಾಲೂ ಸೀಧಾ. ಈ ಹೆಣಿಗೆಯಲ್ಲಿ ಒಂದು ಸಾಲಿನ ಎಳೆತವನ್ನು ಮುಂದಿನ ಸಾಲು ತಡೆಯುವುದರಿಂದ ಬಟ್ಟೆ ಓರೆಯಾಗುವುದಿಲ್ಲ. ಹದಿನೆಂಟು ಇಂಚಿನ ಎರಡು ಚೌಕ ಹೆಣೆದು ಒಂದರ ಮೇಲೊಂದಿಟ್ಟು ಅಂಚು ಹೊಲಿದೆ. ಬೆರಳ ತುದಿ ಕೆಂಪಾಗುತ್ತಿತ್ತು, ದಿನಕ್ಕೆ ಎಂಟು ಹತ್ತು ಸಾಲಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಮೆಟ್ರೋದಲ್ಲಿ ಹೆಣೆದರೆ ಪಕ್ಕದವರು ವಾಸನೆಗೆ ತಿರುಗಿ ನೋಡುತ್ತಿದ್ದರು. ಉಗುರುಬೆಚ್ಚನೆ ನೀರಿನಲ್ಲಿ ಮೂರು ಸಲ ಅದ್ದಿ ಒಣಗಿಸಿದ ಮೇಲೆ ವಾಸನೆ ಇಳಿಯಿತು, ಉಣ್ಣೆ ಒಂದಕ್ಕೊಂದು ಕಚ್ಚಿಕೊಂಡು ಇನ್ನೂ ದಟ್ಟವಾಯಿತು. ಒಟ್ಟು ನಾಲ್ಕುನೂರು ಗ್ರಾಂ ಹಿಡಿಯಿತು.

ಸಂಕ್ರಾಂತಿಯ ದಿನ ಎಳ್ಳು-ಬೆಲ್ಲದ ಜೊತೆ ಅದನ್ನು ಆಂಟಿಗೆ ಕೊಟ್ಟೆ. ಹಿಂದಿನ ರಾತ್ರಿಯ ಲೋಹ್ಡಿ ಬೆಂಕಿಯ ಬೂದಿ ಪಾರ್ಕಿನ ಮಧ್ಯೆ ಇನ್ನೂ ಇತ್ತು. ಆಂಟಿ ಅದನ್ನು ಸಿಮೆಂಟು ಬೆಂಚಿನ ಮೇಲೆ ಹಾಕಿ ಕೂತರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಕೆಳಗಿಂದ ಚಳಿ ಬರುವುದು ನಿಂತಿತು’ ಎಂದರು. ಬೋರಿ ಎಂದಿದ್ದನ್ನು ನೆನಪಿಸಿದೆ. ಬೋರಿ ಎಂದು ಬೈದದ್ದಲ್ಲ, ಬೋರಿ ಗಟ್ಟಿ ಅಲ್ಲವೇ ಎಂದು ತಿರುಗಿಸಿದರು. ಪಂಜಾಬಿಗಳ ಜೊತೆ ವಾದ ಮಾಡಿ ಗೆಲ್ಲಲಾಗುವುದಿಲ್ಲ. ಈಗ ಅದನ್ನು ಪ್ರತಿದಿನ ಬಗಲಲ್ಲಿ ಹಿಡಿದು ಇಳಿಯುತ್ತಾರೆ, ಬೇರೆ ಯಾರನ್ನೂ ಕೂರಗೊಡುವುದಿಲ್ಲ. ನೋಡಿದ ಇಬ್ಬರು ನೆರೆಯವರು, ನಮಗೂ ಮಾಡಿಕೊಡು, ದುಡ್ಡು ಕೊಡುತ್ತೇವೆ ಎಂದಿದ್ದಾರೆ. ಮೊನಾಸ್ಟರಿ ಮಾರ್ಕೆಟ್ಟಿನ ಅಕ್ಕ ಫೋಟೋ ನೋಡಿ, ಅಂಗಡಿಯ ಕಬ್ಬಿಣದ ಸ್ಟೂಲಿಗೆ ಒಂದು ಬೇಕು ಎಂದಿದ್ದಾರೆ.

ಮೊನ್ನೆ ರವಿವಾರ ಅಜ್ಜಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಮಾವ ಕುರಿ ಮಾರಿದರೂ ಊರ ಕೆಳಗಿನ ಕೇರಿಯಲ್ಲಿ ಇನ್ನೂ ಎರಡು ಮನೆಯವರ ಹತ್ತಿರ ಕರಿ ಕುರಿ ಇವೆಯಂತೆ. ಕತ್ತರಿಸಿದ ಉಣ್ಣೆಯನ್ನು ಅವರು ಹೊಲದ ಬದುವಿಗೆ ಎಸೆಯುತ್ತಾರಂತೆ.

‘ಎಷ್ಟ್ ಬೇಕ್ ಹೇಳು’ ಎಂದಳು ಅಜ್ಜಿ.

ಒಂದಕ್ಕೆ ನಾಲ್ಕುನೂರರಂತೆ ಮೂರು. ‘ಒಂದೂಕಾಲು ಕಿಲೋ’ ಎಂದೆ.

‘ಒಂದೂಕಾಲು ಕಿಲೋ? ಅಷ್ಟ್ರಾಗ ಕೂಸಿನ ಕಂಬಳೀನೂ ಆಗಂಗಿಲ್ಲ’ ಎಂದು ನಕ್ಕಳು. ಆಮೇಲೆ ಅವಳು ಫೋನನ್ನು ಬದಿಗಿಟ್ಟು ಮಾವನಿಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು: ‘ಏ ಬಸ್ಯಾ, ಜಂತಿ ಮ್ಯಾಲಿಂದ ಆ ಕದಿರು ಇಳಸೋ.’